ನಿರಂಕುಶ ಮಾವ ಮತ್ತು ಗಿಳಿಹಸಿರು ಸೀರೆ

ನಾನು ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಬಿ.ಎ. ಮಕ್ಕಳಿಗೆ ತತ್ವಶಾಸ್ತ್ರ ಹೇಳಿಕೊಡುತ್ತೇನೆ. ಹೀಗೆಂದರೆ ಜನ ಮೊದಲು ಸುಮ್ಮನಾಗುತ್ತಾರೆ. ಆಮೇಲೆ ಮೆಲ್ಲಗೆ, "ಅದನ್ನ ಓದಿದ್ರೆ ಮುಂದೆ ಏನಾಗ್ತಾರೆ ಮೇಡಂ?" ಎಂದು ಕೇಳುತ್ತಾರೆ. ನಮ್ಮದು ಎಣ್ಣೆ ಮಿಲ್ಲುಗಳ ಊರು. ಶೇಂಗಾ ಹಾಕಿದರೆ ಒಂದು ಕಡೆ ಎಣ್ಣೆ ಬರುತ್ತದೆ, ಇನ್ನೊಂದು ಕಡೆ ಹಿಂಡಿ ಬರುತ್ತದೆ, ಎರಡಕ್ಕೂ ಗಿರಾಕಿ ಇದ್ದಾರೆ. ಇಂಥ ಊರಿನಲ್ಲಿ ನಿಂತು ತತ್ವಶಾಸ್ತ್ರದಿಂದ ಏನು ಬರುತ್ತದೆ ಎಂದು ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಬಹಳ ದಿನ ನನಗೂ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಗೊತ್ತಾಗಿದ್ದು ನನ್ನ ನಾದಿನಿಯ ಮದುವೆಯಲ್ಲಿ, ಅದೂ ಊಟದ ಹಾಲ್‌ನಲ್ಲಿ.

ಆ ವರ್ಷ ನಮ್ಮ ಪಾಠದಲ್ಲಿ ಪ್ರಾಚೀನ ಗ್ರೀಸಿನ ದಾರ್ಶನಿಕರಿದ್ದರು. ಅವರಿಗೆ ಒಂದು ಪ್ರಶ್ನೆ ಬಹಳ ಮುಖ್ಯವಾಗಿತ್ತು. ಯಾರ ಭಯವೂ ಇಲ್ಲದೆ ತನಗೆ ತೋಚಿದಂತೆ ಆಳುವ ನಿರಂಕುಶ ದೊರೆ ಸುಖಿಯೋ, ಅಲ್ಲವೋ? ಊರೆಲ್ಲ ಸುಖಿ ಎನ್ನುತ್ತದೆ. ಅವರು ಮಾತ್ರ ಇಲ್ಲ, ಅವನಷ್ಟು ದುಃಖಿ ಇನ್ನೊಬ್ಬನಿಲ್ಲ ಎಂದು ಹಟ ಹಿಡಿದು ವಾದಿಸಿದರು. ಊರನ್ನು ಆಳುವವನು ತನ್ನ ಆಸೆಗಳ ಮನೆಯಲ್ಲಿ ಆಳಾಗಿರುತ್ತಾನೆ. ಅವನ ಸುತ್ತ ಹೊಗಳುವವರು ಇರುತ್ತಾರೆ, ಹೆದರುವವರು ಇರುತ್ತಾರೆ, ಸ್ನೇಹಿತರು ಮಾತ್ರ ಇರುವುದಿಲ್ಲ. ಇದು ಅವರ ವಾದದ ಸಾರ.

ಮಕ್ಕಳು ಒಪ್ಪಲಿಲ್ಲ. ಹತ್ತಿರದ ನನ್ನಿವಾಳ ಹಳ್ಳಿಯಿಂದ ಬರುವ ಒಬ್ಬ ಹುಡುಗ ಎದ್ದು ನಿಂತ. "ಮೇಡಂ, ಬೇಕಾದ್ದು ಉಣ್ತಾನೆ, ಬೇಕಾದ್ದು ಉಡ್ತಾನೆ, ಎದುರು ಮಾತಾಡೋರಿಲ್ಲ. ಅವನಿಗೇನ್ರಿ ದುಃಖ?" ಎಂದ. ತರಗತಿಯೆಲ್ಲ ಅವನ ಕಡೆಗೇ ಇತ್ತು.

ಪುಸ್ತಕದ ಉದಾಹರಣೆಗಳಿಂದ ಇವರು ಬಗ್ಗುವುದಿಲ್ಲ ಎಂದು ನನಗೆ ಗೊತ್ತಾಯಿತು. ಬಾಯಿಗೆ ಬಂದದ್ದನ್ನು ಹೇಳಿದೆ. "ಒಂದು ಮನೆ ಇದೆ ಅಂದ್ಕೊಳ್ಳಿ. ಆ ಮನೆ ಯಜಮಾನರು ಉಣ್ಣೋ ತನಕ ಯಾರೂ ಉಣ್ಣಂಗಿಲ್ಲ. ಅವರು ಉಣ್ಣುವಾಗ ಯಾರೂ ಮಾತಾಡಂಗಿಲ್ಲ. ಅವರು ಉಂಡು ಹೋಗಿ ಮಲಗಿದ ಮೇಲೆ ಅಡುಗೆಮನೆಯಲ್ಲಿ ಹೆಂಗಸರು ತಟ್ಟೆ ಹಾಕಿಕೊಂಡು ಕೂರ್ತಾರೆ. ಏನೇನೋ ಮಾತು, ಬಿದ್ದು ಬಿದ್ದು ನಗು. ಯಜಮಾನರಿಗೆ ದಿನಾ ಆ ನಗು ಕೇಳಿಸುತ್ತೆ. ಏನದು ಅಂತ ಎದ್ದು ಬಂದರೆ ನಗು ನಿಂತು ಹೋಗುತ್ತೆ. ಈಗ ಹೇಳಿ, ಆ ಮನೆಯಲ್ಲಿ ಸುಖವಾಗಿರೋರು ಯಾರು?"

ಮುಂದಿನ ಬೆಂಚಿನ ಒಬ್ಬ ಹುಡುಗಿ ತುಟಿ ಕಚ್ಚಿ ನಗು ತಡೆದುಕೊಂಡಳು. ಅವಳ ಅಪ್ಪನ ಅಂಗಡಿ ನಮ್ಮ ಮಾವನ ಶೇಂಗಾ ವ್ಯಾಪಾರದ ಮಂಡಿಯ ಪಕ್ಕದಲ್ಲೇ ಇದೆ ಎನ್ನುವುದು ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಮನೆಗೆ ಹೋಗಿ ಸೇರುವ ಮೊದಲೇ ಆ ಮಾತು ಮಂಡಿಗೆ ಹೋಗಿ ಸೇರಿತ್ತು.

ನಮ್ಮ ಮಾವ, ಅಂದರೆ ನನ್ನ ಗಂಡನ ಅಪ್ಪ, ಕೆಟ್ಟವರೆಂದು ಯಾರೂ ಹೇಳುವಂತಿಲ್ಲ. ಯಾರ ಮೇಲೂ ಕೈ ಎತ್ತಿದವರಲ್ಲ. ಹಣೆ ತುಂಬ ವಿಭೂತಿ, ಬಿಳಿ ಪಂಚೆ, ಮಂಡಿಯಲ್ಲಿ ನ್ಯಾಯವಾದ ತೂಕ. ಆದರೆ ಮನೆಯ ಗೇಟು ಎಷ್ಟು ಹೊತ್ತಿಗೆ ಮುಚ್ಚಬೇಕು, ಫ್ಯಾನು ಎಷ್ಟರಲ್ಲಿ ತಿರುಗಬೇಕು, ಹಬ್ಬಕ್ಕೆ ಯಾವ ಹೋಳಿಗೆ ಮಾಡಬೇಕು, ಟಿ.ವಿ.ಯಲ್ಲಿ ಯಾವ ವಾರ್ತೆ ನಿಜ ಎನ್ನುವುದನ್ನೆಲ್ಲ ಅವರೇ ತೀರ್ಮಾನಿಸುತ್ತಿದ್ದರು. ಅವರು ಒಳಗೆ ಕಾಲಿಟ್ಟರೆ ಮನೆಯ ಬೆಕ್ಕು ಕೂಡ ಮೈ ಸರಿ ಮಾಡಿಕೊಂಡು ಕೂರುತ್ತಿತ್ತು. ಯಾರಾದರೂ ಗೊಣಗಿದರೆ ಅವರ ಹತ್ತಿರ ಒಂದು ಸಿದ್ಧ ಉತ್ತರವಿತ್ತು. ಮೊಳಕಾಲ್ಮೂರಿನ ಕಡೆ ಸಿದ್ದಾಪುರದ ಬಂಡೆಯ ಮೇಲೆ ಹಳೇ ಕಾಲದ ಚಕ್ರವರ್ತಿ ಶಾಸನ ಬರೆಸಿದ್ದಾನಲ್ಲ, ಅದು. "ತಂದೆ ತಾಯಿ ಮಾತು ಕೇಳಬೇಕು ಅಂತ ಆವಾಗ್ಲೇ ಕಲ್ಲಿನ ಮ್ಯಾಲೆ ಬರೆಸವ್ನೆ, ಹೋಗಿ ನೋಡ್ಕಂಡ್ ಬರ್ರಿ" ಎನ್ನುವರು. ಕಲ್ಲಿನ ಮೇಲಿರುವ ಮಾತಿಗೆ ಎದುರು ಮಾತಾಡುವುದು ಹೇಗೆ?

ಇಷ್ಟೆಲ್ಲದರ ಮೇಲೆ ಮಾವನನ್ನೇ ಆಳುವ ಒಂದು ಆಸೆ ಇತ್ತು. ಅದು ಗಿಳಿಹಸಿರು ಬಣ್ಣ. ಅದೇಕೆ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಮ್ಮ ಮನೆಯ ಬಾಗಿಲು ಗಿಳಿಹಸಿರು, ಮಂಡಿಯ ಗೇಟು ಗಿಳಿಹಸಿರು, ಕಾರಿನ ಸೀಟಿನ ಹೊದಿಕೆ ಗಿಳಿಹಸಿರು. ಮನೆಯಲ್ಲಿ ಯಾವ ಮದುವೆ ನಡೆದರೂ ಯಜಮಾನರೇ ಮೊಳಕಾಲ್ಮೂರಿಗೆ ಹೋಗಿ ಹೆಂಗಸರಿಗೆಲ್ಲ ರೇಷ್ಮೆ ಸೀರೆ ತರುವುದು ನಮ್ಮಲ್ಲಿ ಪದ್ಧತಿ. ಮಾವ ತರುತ್ತಿದ್ದುದು ಎಲ್ಲರಿಗೂ ಒಂದೇ ಬಣ್ಣ. ಅತ್ತೆಗೆ, ಸೊಸೆಯರಿಗೆ, ಮಾವನ ಅಕ್ಕನಿಗೆ, ಕೊನೆಗೆ ಬೀಗಿತ್ತಿಯಾದ ನನ್ನ ಅವ್ವನಿಗೂ. "ಒಂದೇ ಬಣ್ಣ ಆದ್ರೆ ಹೊಟ್ಟೆಕಿಚ್ಚಿರಲ್ಲ" ಎನ್ನುವುದು ಅವರ ವಾದ. ಅದೂ ನಿಜವೇ. ಆದರೆ ಯಾವ ಮದುವೆ ಮನೆಗೆ ಹೋದರೂ ಜನ ನಮ್ಮನ್ನು ಕಂಡು "ಬಂತು ನೋಡ್ರಿ ಗಿಳಿ ಹಿಂಡು" ಎನ್ನುತ್ತಿದ್ದರು.

ಆ ಪಾಠ ಮಾಡಿದ ದಿನ ಸಂಜೆ ಮಾವ ಪಡಸಾಲೆಯಲ್ಲಿ ನನ್ನನ್ನು ಕರೆದರು. ಮುಂದೆ ಒಂದು ಮೊರದಲ್ಲಿ ಹಸಿ ಶೇಂಗಾ ಇತ್ತು. ಸುಲಿಯುತ್ತ, ನನ್ನ ಮುಖ ನೋಡದೆ ಕೇಳಿದರು.

"ನಿರಂಕುಶ ಅಂದ್ರೆ ಏನವ್ವ?"

"ಅಂಕುಶ ಇಲ್ಲದ್ದು ಮಾವ. ಮಾವುತನಿಲ್ಲದ ಆನೆ ಇರುತ್ತಲ್ಲ, ಹಂಗೆ" ಎಂದೆ.

"ಆನೆ ತಾನೆ? ಅಡ್ಡಿಯಿಲ್ಲ ಬಿಡು" ಎಂದು ಮೀಸೆ ತೀಡಿದರು. ಆಮೇಲೆ ಒಂದು ಶೇಂಗಾ ಸುಲಿದು, ತಿನ್ನದೆ ಕೈಯಲ್ಲೇ ಹಿಡಿದುಕೊಂಡರು. "ಆ ಯಜಮಾನ ಬಂದ್ರೆ ನಗು ನಿಲ್ತದೆ ಅಂದ್ಯಂತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರ ಹೆಸರೂ ಹೇಳಿರಲಿಲ್ಲ ಎಂದು ವಾದ ಮಾಡಬಹುದಿತ್ತು. ಮಾಡಲಿಲ್ಲ. "ಅದು ಪಾಠಕ್ಕೆ ಹೇಳಿದ್ದು ಮಾವ" ಎಂದೆ.

"ಪಾಠಕ್ಕೇ ಹೇಳು, ಯಾತಕ್ಕಾದ್ರೂ ಹೇಳು. ನಂಗೇನ್ ಕಿವಿ ಇಲ್ವಾ? ದಿನಾ ಕೇಳಿಸ್ತದೆ. ಊಟ ಮಾಡಿ ಮಲಗಿದ್ರೆ ಒಳಗೆ ಒಂದೇ ನಗು. ಏನು ನಗ್ತಾರೋ ಏನೋ, ನಾನೂ ಒಂದಿಷ್ಟು ಕೇಳಾನ ಅಂತ ನೀರಿನ ನೆಪ ಮಾಡ್ಕಂಡು ಬರ್ತೀನಿ. ಬಾಗ್ಲಿಗೆ ಬರ್ತಿದ್ದಂಗೇ ಎಲ್ಲಾ ಬಂದ್. ಸ್ಮಶಾನದಾಗೆ ನಿಂತಂಗೆ ನಿಂತ್ಕಂಡು, ಬೇಡದ ನೀರು ಕುಡಿದು ವಾಪಸ್ ಹೋಗ್ತೀನಿ." ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿದರು. "ಒಂದು ದಿನ, ಒಂದೇ ದಿನ, ನಾನು ಬಂದ ಮ್ಯಾಲೂ ಆ ನಗು ನಿಲ್ಲಬಾರ್ದು. ಅದಕ್ಕೇನು ಮಾಡ್ಬೇಕು? ನಿಮ್ಮ ಗ್ರೀಸಿನೋರು ಬರೆದಿಲ್ವಾ?"

ಬೈಗುಳಕ್ಕೆ ಸಿದ್ಧಳಾಗಿ ಹೋದವಳು ನಾನು. ಈ ಮಾತಿಗೆ ಸಿದ್ಧಳಾಗಿರಲಿಲ್ಲ. ಇಷ್ಟು ವರ್ಷ ಅವರು ನಿಜವಾಗಿಯೂ ಬಾಯಾರಿ ಬರುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು. ಅತ್ತೆಯಂತೂ, "ಉಪ್ಪು ಜಾಸ್ತಿಯಾಗಿತ್ತೇನೋ" ಎಂದು ಮರುದಿನದ ಸಾರಿಗೆ ಉಪ್ಪು ಕಡಿಮೆ ಹಾಕುತ್ತಿದ್ದರು.

ನನಗೆ ಗೊತ್ತಿದ್ದುದನ್ನು ಹೇಳಿದೆ. ಮನುಷ್ಯನ ಒಳಗೆ ಮೂವರು ಇರುತ್ತಾರೆ ಎಂದು ಗ್ರೀಸಿನವರಲ್ಲೊಬ್ಬ ಹೇಳಿದ್ದ. ಹಲವು ತಲೆಗಳ ಒಂದು ಪ್ರಾಣಿ, ಅದು ಆಸೆ, ಎಷ್ಟು ಹಾಕಿದರೂ ಇನ್ನೊಂದು ತಲೆ ಬಾಯಿ ತೆರೆಯುತ್ತದೆ. ಒಂದು ಸಿಂಹ, ಅದು ರೋಷ, ಗತ್ತು. ಮೂರನೆಯದು ಒಬ್ಬ ಸಣ್ಣ ಮನುಷ್ಯ, ಅದು ವಿವೇಕ. ಮೊದಲಿನೆರಡನ್ನು ಕೊಬ್ಬಿಸಿ ಮನುಷ್ಯನನ್ನು ಉಪವಾಸ ಕೆಡವಿದರೆ ಅವನೇ ನಿರಂಕುಶ. ಮನುಷ್ಯನ ಕೈಯಲ್ಲಿ ಹಗ್ಗ ಇದ್ದರೆ ಅದೇ ಸುಖ.

ಮಾವ ಬಹಳ ಆಸಕ್ತಿಯಿಂದ ಕೇಳಿದರು. "ಪ್ರಾಣಿ ಗೊತ್ತಾತು, ಅದು ಗಿಳಿಹಸಿರು ಇರ್ಬೇಕು. ಸಿಂಹಾನೂ ಗೊತ್ತಾತು" ಎಂದು ಹೊಟ್ಟೆ ಸವರಿಕೊಂಡರು. "ಆ ಸಣ್ಣ ಮನುಷ್ಯ ಎಲ್ಲವ್ನೆ?"

"ನಗು ಕೇಳಕೆ ನೀರಿನ ನೆಪ ಮಾಡ್ಕಂಡು ಬರ್ತಾನಲ್ಲ ಮಾವ, ಅವನೇ" ಎಂದುಬಿಟ್ಟೆ. ಅವರು ನನ್ನನ್ನು ದಿಟ್ಟಿಸಿ ನೋಡಿದರು. "ನಿನ್ ಬಾಯಿ ಬಲು ಜೋರು" ಎಂದರು, ಆದರೆ ಸಿಟ್ಟಿರಲಿಲ್ಲ.

ಮುಂದಿನ ಭಾನುವಾರ ಮಾವ ತಮ್ಮ ರೀತಿಯಲ್ಲೇ ಚಿಕಿತ್ಸೆ ಶುರು ಮಾಡಿದರು. ಅಂದರೆ ಒಂದು ಹುಕುಂ ಹೊರಡಿಸಿದರು. "ಇವತ್ತಿಂದ ಎಲ್ರೂ ಒಟ್ಟಿಗೆ ಉಣ್ಬೇಕು. ಉಣ್ತಾ ಮಾತಾಡ್ಬೇಕು. ನಗಬೇಕು."

ಅತ್ತೆ ನನ್ನನ್ನು ಅಡುಗೆಮನೆಯ ಮೂಲೆಗೆ ಎಳೆದುಕೊಂಡು, "ಡಾಕ್ಟ್ರು ಏನಾದ್ರೂ ಅಂದವ್ರೇನೇ? ನಿಜ ಹೇಳು" ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಎಲ್ಲರೂ ಸಾಲಾಗಿ ಕೂತೆವು. ಮುದ್ದೆ ಮುರಿಯುವ ಸದ್ದು ಕೂಡ ಬರದಂತೆ ಉಂಡೆವು. "ಮಾತಾಡ್ರಿ" ಎಂದರು ಮಾವ. ನನ್ನ ಓರಗಿತ್ತಿ, ಮಾವನ ಚಿಕ್ಕ ಸೊಸೆ, ಧೈರ್ಯ ಮಾಡಿ, "ಮಳೆ ಬರಂಗೈತೆ" ಎಂದಳು. ಹೊರಗೆ ಬಿಸಿಲು ಕಲ್ಲು ಸಿಡಿಯುವಂತಿತ್ತು. "ಹೂಂ, ಬರಂಗೈತೆ" ಎಂದ ನನ್ನ ಗಂಡ. ಮತ್ತೆ ಮೌನ. "ನಗ್ರಿ ಮತ್ತೆ" ಎಂದರು ಮಾವ. ಓರಗಿತ್ತಿ "ಹೆಹ್ಹೆ" ಎಂದಳು. ಅದನ್ನು ಕೇಳಿ ಅತ್ತೆಗೆ ತುತ್ತು ನೆತ್ತಿಗೇರಿ ಕೆಮ್ಮು ಹತ್ತಿತು, ಎಲ್ಲರೂ ಎದ್ದು ಅವರ ಬೆನ್ನು ತಟ್ಟಿದೆವು. ಊಟ ಅಲ್ಲಿಗೇ ಮುಗಿಯಿತು.

ಮಾವ ಹೋಗಿ ಮಂಚದ ಮೇಲೆ ಮಲಗಿದರು. ನಾವು ಅಡುಗೆಮನೆ ಸೇರಿದ್ದೇ ತಡ, ಓರಗಿತ್ತಿಯ "ಹೆಹ್ಹೆ"ಯನ್ನು ನಾದಿನಿ ಅಣಕಿಸಿ ತೋರಿಸಿದಳು, ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಬಾಗಿಲಿನಿಂದ ಮಂಚದ ತುದಿ ಕಾಣುತ್ತಿತ್ತು. ಮಾವ ನಿದ್ದೆ ಮಾಡಿರಲಿಲ್ಲ, ಕಾಲಿನ ಬೆರಳು ಆಡುತ್ತಿದ್ದವು. ಅಯ್ಯೋ ಎನ್ನಿಸಿತು. ಅದುವರೆಗೆ ನನಗೆ ಮಾವನ ಮೇಲೆ ಭಯ ಇತ್ತು, ಸಿಟ್ಟಿತ್ತು, ಮರ್ಯಾದೆ ಇತ್ತು. ಪ್ರೀತಿ ಎನ್ನುವುದು ಶುರುವಾದದ್ದು ಆ ಭಾನುವಾರ.

ಅದಾದ ಮೇಲೆ ನಾದಿನಿಯ ಮದುವೆ ಗೊತ್ತಾಯಿತು. ಸೀರೆ ತರಲು ಮೊಳಕಾಲ್ಮೂರಿಗೆ ಹೊರಟೆವು. ಈ ಸಲ ಮಾವ ಹೆಂಗಸರನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಇದೇ ದೊಡ್ಡ ಸುದ್ದಿ. ದಾರಿಯಲ್ಲಿ ಬಂಡೆಗುಡ್ಡಗಳು ಕಾಣಿಸಿದ ಕೂಡಲೇ ಅಭ್ಯಾಸ ಬಲದಿಂದ, "ಇಲ್ಲೇ ನೋಡ್ರಿ, ಸಿದ್ದಾಪುರದ ಕಡೆ ಬಂಡೆ ಮ್ಯಾಲೆ..." ಎಂದು ಶುರು ಮಾಡಿದರು. "ಮಾವ, ಅದನ್ನ ಬರೆಸಿದ್ದು ದೊರೆ. ದೊರೆಗಳು ಇನ್ನೇನು ಬರೆಸ್ತಾರೆ?" ಎಂದೆ. ಹಿಂದಿನ ಸೀಟಿನಲ್ಲಿ ಅತ್ತೆ ನನ್ನ ತೊಡೆ ಚಿವುಟಿದರು.

ನೇಕಾರರ ಮನೆ ನಮಗೆ ಹಳೆಯ ಪರಿಚಯ. ಗಂಡ ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಾನೆ, ಹೆಂಡತಿ ಪಕ್ಕದಲ್ಲಿ ಕೂತು ಅಂಚಿನ ನೂಲು ಸುತ್ತಿದ ಲಾಳಿ ಎಸೆಯುತ್ತಾಳೆ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರುವ ಆ ಸೀರೆಗೆ ಮೂರು ಲಾಳಿ ಬೇಕು, ಇಬ್ಬರು ಬೇಕು. ಇಬ್ಬರಿಗೂ ವಯಸ್ಸಾಗಿದೆ. ಕೈ ಎಷ್ಟು ಆಡುತ್ತದೋ ಅಷ್ಟೇ ಬಾಯಿಯೂ ಆಡುತ್ತದೆ, ಅರ್ಧ ಕನ್ನಡ, ಅರ್ಧ ತೆಲುಗು.

ಚಾಪೆಯ ಮೇಲೆ ಸೀರೆಗಳನ್ನು ಬಿಚ್ಚಿ ಹಾಕಿದರು. ಬದನೆಕಾಯಿ ಬಣ್ಣ, ಈರುಳ್ಳಿ ಸಿಪ್ಪೆ ಬಣ್ಣ, ಅರಿಶಿನ, ನೇರಳೆ, ನವಿಲುಗರಿ, ಗಿಳಿಹಸಿರು. ಮಾವ ಕುರ್ಚಿಯ ಮೇಲೆ ಕೂತು, ಎದೆಯ ಮೇಲೆ ಕೈ ಕಟ್ಟಿಕೊಂಡು ಹೇಳಿದರು. "ಈ ಸಾರಿ ನಾನು ಬಣ್ಣ ಹೇಳಲ್ಲ. ನಿಮ್ಮ ಮನಸ್ಸಿಗೆ ಬಂದದ್ದು ತಗಳ್ರಿ."

ಯಾರಿಗೂ ನಂಬಿಕೆ ಬರಲಿಲ್ಲ. ಅತ್ತೆಯ ಕೈ ಬದನೆಕಾಯಿ ಬಣ್ಣದ ಸೀರೆಯ ಮೇಲೆ ಹೋಯಿತು. ಒಮ್ಮೆ ಸವರಿದರು. ಆಮೇಲೆ ತಲೆ ಎತ್ತಿ ಮಾವನ ಕಡೆ ನೋಡಿದರು. ಮಾವ ಬಾಯಿ ಬಿಗಿದು ಕೂತಿದ್ದರು, ನಿಜ. ಆದರೆ ಕಣ್ಣು? ಕಣ್ಣು ಗಿಳಿಹಸಿರಿನ ಮೇಲಿತ್ತು. ಬೇರೆ ಕಡೆ ನೋಡಲು ಪಾಪ ಬಹಳ ಕಷ್ಟಪಡುತ್ತಿದ್ದರು, ಸೂರು ನೋಡಿದರು, ಮಗ್ಗ ನೋಡಿದರು, ತಿರುಗಿ ಅಲ್ಲಿಗೇ ಬಂದರು. ಅತ್ತೆಯ ಕೈ ತಾನಾಗಿಯೇ ಸರಿದು ಹಸಿರಿನ ಮೇಲೆ ಕೂತಿತು. "ನಂಗಿದೇ ಇರ್ಲಿ" ಎಂದರು. ಓರಗಿತ್ತಿ ಅದನ್ನು ನೋಡಿ, "ನಂಗೂ ಇದೇ ಚಂದ ಕಾಣ್ತೈತೆ" ಎಂದಳು. ಮಾವನ ಅಕ್ಕನಿಗೂ ಅದೇ ಇರಲಿ, ಬೀಗಿತ್ತಿಗೂ ಅದೇ ಇರಲಿ ಎಂದು ಅತ್ತೆ ಎತ್ತಿಟ್ಟರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ತರಗತಿಯಲ್ಲಿ ಸ್ವಾತಂತ್ರ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮೇಡಂ ಏನು ಮಾಡಿದಳು? ನವಿಲುಗರಿ ಬಣ್ಣಕ್ಕೆ ಮನಸ್ಸು ಕೊಟ್ಟು, ಗಿಳಿಹಸಿರಿಗೆ ಬೆರಳು ತೋರಿಸಿದಳು. ನಾದಿನಿ ಮಾತ್ರ ಬದನೆಕಾಯಿ ಬಣ್ಣದ್ದನ್ನು ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಹೋಗುವವಳಿಗೆ ಯಾರ ಹೆದರಿಕೆ?

ನೇಕಾರರ ಮುದುಕಿ ಲಾಳಿ ನಿಲ್ಲಿಸಿ ನೋಡುತ್ತಿದ್ದಳು. "ಅಯ್ಯೋ ದೇವುಡಾ! ಅಂದರಿಕೀ ಚಿಲಕಪಚ್ಚೇನಾ? ಎಲ್ರಿಗೂ ಗಿಳಿಹಸಿರೇನಾ ಸಾವ್ಕಾರ್ರೇ?"

"ನಾನೇನೂ ಹೇಳ್ಲಿಲ್ಲವಲ್ಲ!" ಎಂದರು ಮಾವ, ನಿಜವಾಗಿ ನೊಂದು.

"ನೀವ್ ಹೇಳ್ಲಿಲ್ಲ, ನಿಮ್ ಕಣ್ಣು ಹೇಳ್ತು" ಎಂದು ಮುದುಕಿ ಮಗ್ಗದ ಕಟ್ಟಿಗೆ ಬಡಿದು ನಕ್ಕಳು. ಗುಂಡಿಯಲ್ಲಿದ್ದ ಅವಳ ಗಂಡನೂ ನಕ್ಕ. "ಇವಳ ಮಾತು ಹಿಡೀಬ್ಯಾಡ್ರಿ, ನನ್ನನ್ನೇ ಬಿಡಾಕಿಲ್ಲ" ಎಂದ. "ನಿನ್ನ ಬಿಟ್ರೆ ಒಡಲು ಯಾರು ನೇಯ್ತಾರೆ?" ಎಂದು ಅವಳು ಲಾಳಿ ಎಸೆದಳು. ಅವನು ಹಿಡಿದ. ಇಬ್ಬರೂ ನಗುತ್ತಲೇ ಕೆಲಸಕ್ಕೆ ಹತ್ತಿದರು. ನಮ್ಮ ಕಡೆಯ ಒಬ್ಬರೂ ನಗಲಿಲ್ಲ. ಮಾವ ಆ ಇಬ್ಬರನ್ನು ಬಹಳ ಹೊತ್ತು ನೋಡುತ್ತ ಕೂತರು.

ಹೊರಗೆ ಕಾರಿನ ಹತ್ತಿರ ನನ್ನೊಬ್ಬಳಿಗೇ ಕೇಳುವಂತೆ ಹೇಳಿದರು. "ಹುಕುಂ ತಗದ್ರೂ ಭಯ ಹೋಗ್ಲಿಲ್ಲ ಕಣವ್ವ."

ಒಬ್ಬ ಮನುಷ್ಯ ನಿರಂಕುಶನಾಗುವುದು ಹೇಗೆ ಎಂದು ಗ್ರೀಸಿನವರು ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದ್ದಾರೆ. ಆದವನು ಇಳಿದು ಬರುವ ದಾರಿಯನ್ನು ಅಷ್ಟು ವಿವರವಾಗಿ ಹೇಳಿದ್ದು ನಾನು ಓದಿಲ್ಲ. ಅವರ ಕಾಲದಲ್ಲಿ ಅಂಥವರನ್ನು ಕೊಂದುಬಿಡುತ್ತಿದ್ದರು ಅಥವಾ ಊರು ಬಿಡಿಸುತ್ತಿದ್ದರು. ಮಾವನನ್ನು ಹಾಗೆಲ್ಲ ಮಾಡುವಂತಿಲ್ಲವಲ್ಲ.

ಮದುವೆ ಚಳ್ಳಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ತಾಳಿ ಕಟ್ಟಿ ಆಯಿತು, ಅಕ್ಷತೆ ಬಿತ್ತು, ನಾದಿನಿ ಬದನೆಕಾಯಿ ಬಣ್ಣದಲ್ಲಿ ಮಹಾರಾಣಿಯಂತೆ ಕಾಣುತ್ತಿದ್ದಳು. ಗಿಳಿ ಹಿಂಡು ಊಟದ ಹಾಲ್‌ನಲ್ಲಿ ಓಡಾಡುತ್ತಿತ್ತು. ಪರಶುರಾಂಪುರದಿಂದ ನನ್ನ ಅಪ್ಪ ಅವ್ವ ಬಂದಿದ್ದರು. ನನ್ನ ಅವ್ವ ಈರುಳ್ಳಿ ಹೊಲದ ಹೆಂಗಸು, ನಾಲಿಗೆ ಈರುಳ್ಳಿಗಿಂತ ಖಾರ. ಮದುವೆ ಮನೆಯಲ್ಲಿ ಬೀಗರು ಬೀಗರನ್ನು ಕಾಲೆಳೆಯುವುದು, ಹಾಸ್ಯ ಮಾಡುವುದು ನಮ್ಮಲ್ಲಿ ಹಕ್ಕು, ಯಾರೂ ಸಿಟ್ಟಾಗುವಂತಿಲ್ಲ. ಆದರೆ ಮಾವನ ಎದುರು ಮಾತ್ರ ಅವ್ವ ಆ ಹಕ್ಕನ್ನು ಒಂದು ದಿನವೂ ಚಲಾಯಿಸಿರಲಿಲ್ಲ. ಮಗಳು ಬಾಳುವ ಮನೆ, ನಾಲಿಗೆ ಹಿಡಿದುಕೊಂಡಿರಬೇಕು ಎಂದು ತಡೆದುಕೊಂಡಿದ್ದಳು.

ಕೊನೆಯ ಪಂಕ್ತಿ ಕೂರುವ ಹೊತ್ತು. ಗಂಡಿನ ಕಡೆಯವರೆಲ್ಲ ಉಂಡಾಗಿತ್ತು. ಮಾವನಿಗೆ ಮೂಲೆಯಲ್ಲಿ ಬೇರೆ ಮೇಜು ಹಾಕಿಸಿತ್ತು, ಯಜಮಾನರಲ್ಲವೇ. ಊಟಕ್ಕೆ ಮುಂಚೆ ಅವರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಬೇಕು. ಅದನ್ನು ಇಟ್ಟುಕೊಂಡಿರುವವರು ಅತ್ತೆ. ಅತ್ತೆಯನ್ನು ಹುಡುಕುತ್ತ ಮಾವ ಊಟದ ಹಾಲ್‌ಗೆ ಬಂದರು. ಎಲೆ ಅಡಿಕೆ ಬುಟ್ಟಿಯ ಹತ್ತಿರ ಗಿಳಿಹಸಿರು ಸೀರೆಯ ಒಬ್ಬ ದಪ್ಪನೆಯ ಹೆಂಗಸು ಬಗ್ಗಿ ನಿಂತಿದ್ದಳು, ತುರುಬಿನಲ್ಲಿ ಮಲ್ಲಿಗೆ.

"ಏ ಇವ್ಳೇ!" ಎಂದು ಮಾವ ಗುಡುಗಿದರು. "ಎಷ್ಟೊತ್ತು ಹುಡುಕೋದು ನಿನ್ನ? ಗಂಡ ಇದ್ದಾನೋ ಸತ್ತಾನೋ ಅಂತ ಜ್ಞಾನ ಬ್ಯಾಡ್ವಾ? ಕೊಡು ಮಾತ್ರೆ!"

ಹೆಂಗಸು ತಿರುಗಿದಳು. ನನ್ನ ಅವ್ವ.

ಬಡಿಸುವವರು ಸೌಟು ಹಿಡಿದೇ ತಿರುಗಿ ನೋಡಿದರು. ಅವ್ವ ಮಾವನನ್ನು ಮೇಲಿಂದ ಕೆಳಗೆ ನೋಡಿದಳು. ಇಷ್ಟು ವರ್ಷ ಕಟ್ಟಿಟ್ಟ ನಾಲಿಗೆ ಅದು, ಹಗ್ಗ ಹರಿದುಕೊಂಡಿತು.

"ಮಾತ್ರೆ ಕೊಡಾಕೆ ನನ್ನ ಅಭ್ಯಂತರ ಏನೂ ಇಲ್ರಿ ಬೀಗ್ರೇ" ಎಂದಳು. "ಆದ್ರೆ ಅಲ್ಲಿ ಕುಂತವ್ರಲ್ಲ ನಮ್ಮನೇರು, ಅವರನ್ನೂ ಒಂದು ಮಾತು ಕೇಳ್ಬೇಕಾಗ್ತದೆ."

ನನ್ನ ಅಪ್ಪ ಎಲೆಯಿಂದ ತಲೆ ಎತ್ತಲಿಲ್ಲ. ಹೋಳಿಗೆಗೆ ತುಪ್ಪ ಹಚ್ಚುತ್ತ, "ಕರ್ಕಂಡ್ ಹೋಗ್ರಿ ಬೀಗ್ರೇ. ವಾಪಸ್ ಮಾತ್ರ ಕಳಿಸ್ಬ್ಯಾಡ್ರಿ" ಎಂದ.

ಗಿಳಿ ಹಿಂಡು ಬಿದ್ದು ಬಿದ್ದು ನಕ್ಕಿತು. ಅಂಥ ನಗುವನ್ನು ನಮ್ಮ ಅಡುಗೆಮನೆಯಲ್ಲೂ ನಾನು ಕೇಳಿರಲಿಲ್ಲ. ಓರಗಿತ್ತಿ ಕಂಬ ಹಿಡಿದುಕೊಂಡಳು. ಮಾವನ ಅಕ್ಕ ಕುರ್ಚಿಗೆ ಕುಸಿದರು. ಅಷ್ಟರಲ್ಲಿ ಯಾರಿಗೋ ಮಾವನ ಮುಖ ಕಂಡಿತು. ಸೆರಗು ಬಾಯಿಗೆ ಹೋಯಿತು. ಒಬ್ಬರನ್ನು ನೋಡಿ ಇನ್ನೊಬ್ಬರು, ಗಾಳಿಗೆ ದೀಪ ಆರುವಂತೆ ನಗು ಸಾಲಾಗಿ ಆರುತ್ತ ಬಂತು. ಅವ್ವ ತಾನು ಏನು ಮಾಡಿದೆ ಎಂದು ಗೊತ್ತಾಗಿ ನನ್ನ ಕಡೆ ನೋಡಿದಳು. ನನಗೆ ಸಂಕಟವಾಯಿತು. ಅವ್ವನಿಗಾಗಿ ಅಲ್ಲ. ಇಷ್ಟು ಹತ್ತಿರ ಬಂದ ನಗು ಮತ್ತೆ ಮಾವನ ಕಣ್ಣೆದುರೇ ಸಾಯುತ್ತಿದೆಯಲ್ಲ ಎಂದು.

ಮಾವ ಸುತ್ತ ನೋಡಿದರು. ಹಸಿರು, ಹಸಿರು, ಹಸಿರು. ಒಂದೊಂದರ ಬಾಯಿಗೂ ಸೆರಗು. ನಗಿರಿ ಎಂದು ಅವರು ಹೇಳಲಿಲ್ಲ. ಮೊದಲು ಅಪ್ಪನ ಕಡೆ ತಿರುಗಿ ಕೈ ಮುಗಿದರು. "ತಪ್ಪಾತು ಬೀಗ್ರೇ. ಬಣ್ಣಾನೂ ನಂದೇ, ಹಣೆಬರಾನೂ ನಂದೇ." ಆಮೇಲೆ ಹಿಂಡಿನ ಕಡೆ ತಿರುಗಿ, ಬಹಳ ದೈನ್ಯದಿಂದ ಕೇಳಿದರು.

"ಇದ್ರಾಗೆ ನನ್ನ ಹೆಂಡ್ತಿ ಯಾರು? ದಯವಿಟ್ಟು ಕೈ ಎತ್ರವ್ವ."

ಮೊದಲು ನನ್ನ ಅವ್ವ ಕೈ ಎತ್ತಿದಳು. ಅವಳ ಹಿಂದೆ ಎಲೆ ಹಾಕುತ್ತಿದ್ದವಳು ಎತ್ತಿದಳು. ಹಸಿರೇ ಉಡದ ಪಕ್ಕದ ಮನೆಯ ಅಜ್ಜಿ, ಹಲ್ಲಿಲ್ಲದ ಬಾಯಿ ತೆರೆದು, ಎರಡೂ ಕೈ ಎತ್ತಿದಳು. ಇನ್ನು ನಗುವನ್ನು ಯಾರು ಹಿಡಿಯುತ್ತಾರೆ? ಅಡುಗೆಯವರು ಸಾರಿನ ಬಕೆಟ್ಟು ಕೆಳಗಿಟ್ಟು ನಕ್ಕರು. ಅಪ್ಪ ಎಲೆಯ ಮುಂದೆ ಕೂತೇ ಕಣ್ಣೊರೆಸಿಕೊಂಡ. ಮಾವ ಆ ನಗುವಿನ ನಡುವೆ ನಿಂತಿದ್ದರು, ಅದು ನಿಲ್ಲಲಿಲ್ಲ. ಅವರ ಹೊಟ್ಟೆ ಕುಣಿಯುತ್ತಿತ್ತು. ನನಗೆ ಅಳು ಬಂತು, ಅಷ್ಟು ಸಂತೋಷವಾಗಿತ್ತು.

ಕೈ ಎತ್ತದವರು ಅತ್ತೆ ಒಬ್ಬರೇ. ಅವರು ಮಾವನ ಬೆನ್ನ ಹಿಂದೆಯೇ ನಿಂತಿದ್ದರು. ಒಂದು ಕ್ಷಣ ಮೊದಲೇ ಬಂದಿದ್ದರಂತೆ. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರಿನ ಲೋಟ, ಬಾಯಿಗೆ ಸೆರಗು ಹಿಡಿಯಲು ಮೂರನೆಯ ಕೈ ಇರಲಿಲ್ಲ. ನಕ್ಕರೆ ಅತ್ತೆಗೆ ಕೊನೆಯಲ್ಲಿ ಮೂಗಿನಿಂದ ಒಂದು ಗೊರಕೆಯಂಥ ಸದ್ದು ಬರುತ್ತದೆ, ಆ ಸದ್ದಿಗೆ ಅವರಿಗೇ ಇನ್ನಷ್ಟು ನಗು ಬರುತ್ತದೆ. ಅಡುಗೆಮನೆಯಲ್ಲಿ ನಮಗೆಲ್ಲ ಅದು ದಿನನಿತ್ಯದ್ದು.

ಮಾವ ಆ ಸದ್ದಿಗೆ ತಿರುಗಿದರು. ನೀರು ಮುಂಗೈ ಮೇಲೆಲ್ಲ ಚೆಲ್ಲಿಕೊಂಡು ನಗುತ್ತಿರುವ ಹೆಂಡತಿಯನ್ನು ನೋಡುತ್ತ ನಿಂತರು. ನಗು ಅವರ ಮುಖದಿಂದ ಹೋಗಲಿಲ್ಲ, ಆದರೆ ಕಣ್ಣು ಬೇರೆಯಾಯಿತು.

"ನೀನು ಹಿಂಗೆ ನಗ್ತೀಯಾ?" ಎಂದರು. "ನಂಗೆ ಗೊತ್ತೇ ಇರ್ಲಿಲ್ಲ."

ಅತ್ತೆ ತೋಳಿನಿಂದ ಕಣ್ಣೊರೆಸಿಕೊಂಡರು. ಯಾವ ಆಕ್ಷೇಪಣೆಯೂ ಇಲ್ಲದೆ, ಅಡುಗೆಯ ವಿಷಯ ಹೇಳುವಷ್ಟು ಸಹಜವಾಗಿ ಹೇಳಿದರು. "ನೀವು ಬಂದ ತಕ್ಷಣ ನಿಲ್ಲಿಸ್ತಿದ್ದೆ ಕಣ್ರಿ. ಹೆಂಗೆ ಗೊತ್ತಾಗ್ಬೇಕು?"

ಮಾವ ಮಾತ್ರೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು, ಲೋಟದಲ್ಲಿ ಉಳಿದಷ್ಟು ನೀರು ಕುಡಿದರು. ಮೂಲೆಯ ಮೇಜಿನ ಮೇಲೆ ಅವರ ಎಲೆ ಒಂಟಿಯಾಗಿ ಹಾಸಿತ್ತು. ಅದನ್ನು ಎತ್ತಿಕೊಂಡು ಬಂದು, ನಾವು ಹೆಂಗಸರು ಕೂರುವ ಸಾಲಿನ ಹತ್ತಿರ ನಿಂತರು.

"ನಾನಿಲ್ಲಿ ಕೂತ್ಕಳ್ಳಾ?" ಎಂದು ಕೇಳಿದರು.

ಮದುವೆಯಾಗಿ ಬಂದಾಗಿನಿಂದ ಮಾವ ಅಪ್ಪಣೆ ಕೊಟ್ಟಿದ್ದನ್ನು ಕೇಳಿದ್ದೆ, ಅಪ್ಪಣೆ ಕೇಳಿದ್ದನ್ನು ಕೇಳಿರಲಿಲ್ಲ. ತತ್ವಶಾಸ್ತ್ರದಿಂದ ಏನು ಬರುತ್ತದೆ ಎಂದು ಯಾರಾದರೂ ಕೇಳಿದರೆ ಈಗ ಈ ಒಂದು ಪ್ರಶ್ನೆಯನ್ನು ಹೇಳುತ್ತೇನೆ. ಅತ್ತೆ ಪಕ್ಕಕ್ಕೆ ಸರಿದು, "ಕೂತ್ಕಳ್ರಿ, ಜಾಗ ಐತೆ" ಎಂದರು. ನಾನು ಇಬ್ಬರಿಗೂ ಹೋಳಿಗೆ ಬಡಿಸಿದೆ.